ಪುಟ್ಟತಾಯಿಯ ಹಾಲಿಗೆ ಡಿಗ್ರಿ ಬಾರದ ಜನವರಿ

ಪುಟ್ಟತಾಯಿ ಹಾಲಿಗೆ ನೀರು ಹಾಕಿರಲಿಲ್ಲ. ತಪ್ಪು ನನ್ನದು. ಅದನ್ನು ಕಂಡುಹಿಡಿದವರು ಎಲ್ಲೋ ದೂರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಒಬ್ಬರು. ಅವರು ಗಂಡಸೋ ಹೆಂಗಸೋ ನನಗೆ ಇವತ್ತಿಗೂ ಗೊತ್ತಿಲ್ಲ. ನಡೆದದ್ದು ಇಷ್ಟೇ. ಇಷ್ಟು ತಿಳಿಯುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ನನ್ನ ತಲೆ ಗಂಟು ಕಟ್ಟಿದ ಮುದ್ದೆಯಂತಿತ್ತು, ಎಲ್ಲಿ ಮುರಿದರೂ ಹಸಿ ಹಿಟ್ಟು.

2005ರ ಜನವರಿಯ ಮಾತು. ಪಾಳ್ಯ ಹೋಬಳಿಯ ನಮ್ಮೂರಿನ ಮಹಿಳಾ ಹಾಲು ಸಂಘದಲ್ಲಿ ನಾನು ಟೆಸ್ಟರ್ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಸಂಘ ಶುರುವಾದಾಗ ಅಂಕಿ ಬರೆಯಲು ಬರುವ ಹೆಂಗಸು ಬೇಕೆಂದರು, ನಾನು ಕೈ ಎತ್ತಿದೆ. ಎಂಟು ದಿನ ತರಬೇತಿ ಕೊಟ್ಟರು. ಅಲ್ಲಿಂದ ಬೆಳಿಗ್ಗೆ ಆರೂವರೆಗೆ, ಸಂಜೆ ಐದೂವರೆಗೆ, ಹಬ್ಬವೋ ಹುಣ್ಣಿಮೆಯೋ ನೋಡದೆ ಹಾಲು ಅಳೆದೆ. ಊರಿನಲ್ಲಿ ನನ್ನನ್ನು ಟೆಸ್ಟರ್ ಚೆನ್ನಮ್ಮ ಎಂದೇ ಕರೆಯುತ್ತಿದ್ದರು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಲ್ಯಾಕ್ಟೋಮೀಟರ್ ಎಂದರೆ ಬುಡದಲ್ಲಿ ಭಾರ ಇರುವ ಒಂದು ಗಾಜಿನ ಕೊಳವೆ. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಗಟ್ಟಿ ಹಾಲಿನಲ್ಲಿ ಮೇಲೆ ನಿಲ್ಲುತ್ತದೆ, ತೆಳು ಹಾಲಿನಲ್ಲಿ ಮುಳುಗುತ್ತದೆ. ಅದರ ಕತ್ತಿನ ಮೇಲೆ ಅಂಕಿ ಬರೆದಿರುತ್ತದೆ, ಹಾಲು ಎಲ್ಲಿಗೆ ಮುಟ್ಟಿತೋ ಅದೇ ಆ ಹಾಲಿನ ಅಂಕಿ. ನಮ್ಮ ಹೆಂಗಸರು ಅದಕ್ಕೆ ಡಿಗ್ರಿ ಎನ್ನುತ್ತಾರೆ. ಒಳ್ಳೆಯ ಹಾಲು 28ರ ಸುತ್ತಮುತ್ತ ನಿಲ್ಲುತ್ತದೆ. 26ಕ್ಕಿಂತ ಕೆಳಗೆ ಹೋದರೆ ಆ ಹೊತ್ತಿನ ಹಾಲು ವಾಪಸ್. ಒಂದು ತಿಂಗಳಲ್ಲಿ ಮೂರು ಸಲ ವಾಪಸ್ ಹೋದರೆ ವಿಷಯ ಆಡಳಿತ ಮಂಡಳಿಗೆ. ಮಂಡಳಿ ಹೆಸರು ಹೊಡೆದುಹಾಕಿದರೆ ಮುಗಿಯಿತು, ಆ ಮನೆಯ ಹಾಲು ಸಂಘದ ಬಾಗಿಲು ಹತ್ತುವ ಹಾಗಿಲ್ಲ. ಹಾಲಿನ ಕೊಬ್ಬು ನೋಡುವುದಕ್ಕೆ ಬೇರೆ ಮೆಷಿನ್ ಇತ್ತು, ಅದಕ್ಕೆ ಫ್ಯಾಟ್ ನೋಡುವುದು ಎನ್ನುತ್ತಿದ್ದೆವು.

ಸಂಘ ಮೊದಲು ಊರಿನ ಆ ತುದಿಯ ಬಾಡಿಗೆ ಕೋಣೆಯಲ್ಲಿತ್ತು. ಡಿಸೆಂಬರಿನ ಕೊನೆಗೆ ಸ್ವಂತ ಕಟ್ಟಡ ಎದ್ದಿತು. ಅದಕ್ಕೆ ಜಾಗ ಕೊಟ್ಟವಳು ಪುಟ್ಟತಾಯಿ. ಅವಳ ಕೊಟ್ಟಿಗೆಯ ಪಕ್ಕದ್ದೇ ಜಾಗ. ಎರಡು ಸೀಮೆ ಹಸು, ಗಂಡನಿಲ್ಲ, ಬಾಯಿ ಜೋರು, ಕೈ ಚೊಕ್ಕಟ. ಜಾಗ ಕೊಟ್ಟವಳಿಗೆ ಏನು ಮರ್ಯಾದೆ ಮಾಡುವುದು ಎಂದು ಮಂಡಳಿಯಲ್ಲಿ ಮಾತು ಬಂತು. ಶಾಲು ಹೊದಿಸೋಣ ಎಂದರು ಒಬ್ಬರು. ಅದನ್ನು ಹೊದ್ದು ಸಗಣಿ ಬಾಚಲಾ ಎಂದು ಪುಟ್ಟತಾಯಿಯೇ ಕೇಳಿದಳು. ಕೊನೆಗೆ, ಹೊಸ ಕಟ್ಟಡದಲ್ಲಿ ಎರಡು ಹೊತ್ತೂ ಮೊದಲ ಹಾಲು ಅವಳದೇ ಎಂದು ತೀರ್ಮಾನವಾಯಿತು. ಸಾಲು ಎಷ್ಟೇ ಉದ್ದ ಇರಲಿ, ಅವಳು ಕರೆದ ಹಾಲು ನೊರೆ ಆರುವ ಮೊದಲೇ ಅಳತೆಗೆ ಬೀಳಬೇಕು. ಎಲ್ಲರೂ ಒಪ್ಪಿದರು. ನಾನೂ ತಲೆ ಆಡಿಸಿದೆ.

ಜನವರಿ ಮೊದಲ ವಾರ ಅವಳ ಹಾಲು 25 ತೋರಿಸಿತು. ಮತ್ತೊಮ್ಮೆ ಬಿಟ್ಟು ನೋಡಿದೆ, 25. ವಾಪಸ್ ಕೊಟ್ಟೆ. ಸಾಲಿನಲ್ಲಿದ್ದ ಒಬ್ಬಳು ಕೂಗಿದಳು:

"ಏನ್ ಪುಟ್ಟತಾಯಿ, ಹಸಾ ಬುಟ್ಟು ಬಾವಿ ಹಗ್ಗ ಹಿಂಡ್ಕಂಡ್ ಬಂದ್ಯೇನೆ?"

"ನಿಮ್ಮನೇಲಿ ಬಾವಿ ಇದ್ದಿದ್ರೆ ತಾನೇ ನಿಂಗೆ ಗೊತ್ತಾಗದು, ಹೋಗೆ!" ಎಂದು ಪುಟ್ಟತಾಯಿ ಕ್ಯಾನ್ ಎತ್ತಿಕೊಂಡು ಹೋದಳು. ಆ ದಿನ ಎಲ್ಲರೂ ನಕ್ಕರು. ನಾಲ್ಕು ದಿನ 26ರಲ್ಲಿ ಹೇಗೋ ದಾಟಿ, ಎರಡನೆಯ ಸಲ 25 ಬಂದಾಗ ಯಾರೂ ನಗಲಿಲ್ಲ.

ನನಗೆ ತಲೆ ಕೆಟ್ಟದ್ದು ಫ್ಯಾಟ್ ನೋಡಿ. ನೀರು ಹಾಕಿದ ಹಾಲಿನಲ್ಲಿ ಡಿಗ್ರಿಯೂ ಇಳಿಯಬೇಕು, ಫ್ಯಾಟೂ ಇಳಿಯಬೇಕು. ಇವಳ ಹಾಲಿನಲ್ಲಿ ಡಿಗ್ರಿ ಇಲ್ಲ, ಫ್ಯಾಟ್ ಮಾತ್ರ ಎಂದಿನಂತೆ ಚೆನ್ನಾಗಿದೆ. ಒಂದು ಬಟ್ಟಲು ಕುಡಿದು ನೋಡಿದೆ. ಹಾಲು ಹಾಲಾಗಿಯೇ ಇತ್ತು. ಲ್ಯಾಕ್ಟೋಮೀಟರೇ ಕೆಟ್ಟಿರಬೇಕೆಂದು ಮೊದಲ ಸಲವೇ ಪಕ್ಕದ ಊರಿನ ಸಂಘದಿಂದ ಇನ್ನೊಂದು ತಂದಿಟ್ಟಿದ್ದೆ. ಎರಡನೆಯ ಸಲ ಅದೂ 25 ಎಂದಿತು. ಅದೇ ಲ್ಯಾಕ್ಟೋಮೀಟರ್ ಹಿಂದೆ ನಿಂತವರಲ್ಲಿ ಹೆಚ್ಚಿನವರ ಹಾಲಿಗೆ 29, 30 ಎನ್ನುತ್ತಿತ್ತು.

ಮರುದಿನ ನಸುಕಿಗೇ ಅವಳ ಕೊಟ್ಟಿಗೆಗೆ ಹೋದೆ. ಎದುರಿಗೇ ಕರೆಸಿ ನೋಡುವುದು ಕ್ರಮ.

"ಪಾತ್ರೆ ಬೋರ್ಲಾಕಿ ನೋಡಕ್ಕ," ಎಂದಳು. "ಕೈ ನೋಡು. ನನ್ ಸೆರಗೂ ಹಿಂಡಿ ನೋಡ್ಬುಡು, ಅದ್ಯಾಕೆ ಬುಟ್ಟೀಯ?"

"ಕರಿಯೇ ಸುಮ್ನೆ."

ಅವಳು ಕರೆಯುವುದನ್ನು ಕಣ್ಣು ಮಿಟುಕಿಸದೆ ನೋಡಿದೆ. ಒಂದು ಹನಿ ನೀರು ಬೀಳಲಿಲ್ಲ. ಅದೇ ಪಾತ್ರೆಯನ್ನು ನಾನೇ ಹಿಡಿದು ಇಪ್ಪತ್ತು ಹೆಜ್ಜೆ ನಡೆದು ಸಂಘದೊಳಗೆ ಹೋಗಿ ಲ್ಯಾಕ್ಟೋಮೀಟರ್ ಬಿಟ್ಟೆ. 25.

"ಈಗೇನಂತೀಯ?" ಎಂದು ಪುಟ್ಟತಾಯಿ ಬಾಗಿಲಿಗೆ ಒರಗಿ ನಿಂತು ಕೇಳಿದಳು. "ಹಸೀನೇ ನೀರ್ ಹಾಕ್ತೋ?"

ಅಂಕಿ ಬರೆದೆ. ಅದು ಮೂರನೆಯ ಸಲ.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತಾಯಿತು. ಹಳ್ಳದ ಬದಿಯ ನೀರು ಹುಲ್ಲು ಮೇಯಿಸುತ್ತಾಳೆ ಎಂದರು. ಹಸುವಿಗೆ ಕಣ್ಣಾಗಿದೆ ಎಂದರು. ಕಟ್ಟಡದ ಬಾಗಿಲು ದಕ್ಷಿಣಕ್ಕಿದೆ, ಜಾಗ ಕೊಟ್ಟವಳಿಗೇ ಮೊದಲು ತಟ್ಟಿದೆ ಎಂದರು. ದಕ್ಷಿಣದ ಬಾಗಿಲು ಹಿಂದಿನವರ ಹಾಲನ್ನು ಯಾಕೆ ಬಿಟ್ಟಿತು ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಹಾಲು ಒಕ್ಕೂಟದ ಮೇಲ್ವಿಚಾರಕರು ಬಂದರು. ರಿಜಿಸ್ಟರ್ ತೆಗೆದು ಒಂದೊಂದೇ ಕಲಂ ಬೆರಳಿಟ್ಟು ನೋಡಿ, "ಎಲ್ಲಾ ಕ್ರಮಪ್ರಕಾರ ಇದೆಯಲ್ಲಮ್ಮ. ಹಾಗಿದ್ರೆ ನೀರೇ," ಎಂದು ಸಹಿ ಹಾಕಿ ಹೋದರು. ನನ್ನ ಕಣ್ಣೆದುರು ಕರೆದ ಹಾಲು ಎಂದೆ. ಅವರು ನನ್ನ ಮುಖ ನೋಡಿದ ರೀತಿಯಲ್ಲಿ, ನೀವಿಬ್ಬರೂ ಒಂದೇ ಬೀದಿಯವರಲ್ಲವೇ ಎಂಬ ಪ್ರಶ್ನೆ ಇತ್ತು.

ಅಧ್ಯಕ್ಷೆ ಸರೋಜಮ್ಮ ದೂರದ ಕಾಫಿ ತೋಟದ ಅಂಚಿನವರು. ಮುಕ್ಕಾಲು ಗಂಟೆ ನಡೆದು ಹಾಲು ತರುತ್ತಿದ್ದರು. ಕೆಟ್ಟವರಲ್ಲ, ಕಟ್ಟುನಿಟ್ಟು. ಪುಟ್ಟತಾಯಿಯನ್ನು ಎದುರು ನಿಲ್ಲಿಸಿಕೊಂಡೇ ಹೇಳಿದರು:

"ಜಾಗ ಕೊಟ್ಟವ್ಳೆ ಅಂತ ಇಡೀ ಊರ್ ಹಾಲು ಕೆಡಿಸ್ಕೊಳಕ್ಕಾಯ್ತದಾ? ಶನಿವಾರ ಸಂಜೆ ಮಂಡ್ಳಿ ಸೇರ್ತೈತೆ. ಅಷ್ಟ್ರೊಳಗೆ ಕಾರಣ ಗೊತ್ತಾದ್ರೆ ಸರಿ. ಇಲ್ದಿದ್ರೆ ಹೆಸ್ರು ತೆಗಿಯದೇ."

"ತೆಗೀರಿ," ಎಂದಳು ಪುಟ್ಟತಾಯಿ. "ಜಾಗಾನೂ ಹೊತ್ಕಂಡೋಗಿ. ಆದ್ರೆ ಕಳ್ಳಿ ಅಂತ ಬರೀಬ್ಯಾಡಿ." ಅಷ್ಟು ಹೇಳಿ ಅವಳು ಕೊಟ್ಟಿಗೆಯ ಕಡೆ ನಡೆದಳು.

ನನ್ನ ಸೊಸೆ ಸುಧಾ ಆಲೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಪಹಣಿಯ ಅರ್ಜಿ ಟೈಪು ಮಾಡುವುದು, ಪರೀಕ್ಷೆಯ ರಿಸಲ್ಟ್ ತೆಗೆದುಕೊಡುವುದು, ಹೀಗೆ. ನನ್ನ ಗೋಳು ಕೇಳಿ ಕೇಳಿ ಅವಳಿಗೂ ಸಾಕಾಗಿರಬೇಕು.

"ಅತ್ತೆ, ಇಂಟರ್‌ನೆಟ್ಟಲ್ಲಿ ಕೇಳಣ," ಎಂದಳು.

"ಯಾರನ್ನ?"

"ಯಾರ್ನಾರ."

"ಯಾರ್ನಾರ ಅಂದ್ರೆ?"

"ಅಲ್ಲೊಂದು ಜಾಗ ಐತೆ. ಪ್ರಶ್ನೆ ಹಾಕುದ್ರೆ ಗೊತ್ತಿರೋರು ಉತ್ರ ಬರೀತಾರೆ."

"ಗೊತ್ತಿಲ್ದೋರು?"

"ಅವ್ರೂ ಬರೀತಾರೆ."

ಸರಿ, ನಮ್ಮ ಹಾಲಿನ ಸಾಲಿನ ಹಾಗೆಯೇ ಎಂದುಕೊಂಡೆ. ಆ ಜಾಗದಲ್ಲಿ ಜನ ಎಂಥೆಂಥದು ಕೇಳುತ್ತಾರೆಂದು ಅವಳು ಹೇಳಿದಳು. ಮೊಬೈಲ್ ಚಾರ್ಜ್ ಆಗುವಾಗ ಯಾಕೆ ಬಿಸಿಯಾಗುತ್ತದೆ, ಕಂಪ್ಯೂಟರಿಗೆ ವೈರಸ್ ಹೇಗೆ ಬರುತ್ತದೆ, ಫ್ರಿಜ್ಜಿನ ಹಿಂದೆ ಯಾಕೆ ಶಾಖ, ಕುಕ್ಕರ್ ಯಾಕೆ ಕೂಗುತ್ತದೆ. ಮನೆಯಲ್ಲಿ ಕೇಳಿದರೆ ಬೈಸಿಕೊಳ್ಳುವ ಪ್ರಶ್ನೆಗಳನ್ನೆಲ್ಲ ಅಲ್ಲಿ ಕೇಳುತ್ತಾರಂತೆ. ಕೇಳುವವರ ಮುಖ ಹೇಳುವವರಿಗೆ ಗೊತ್ತಿಲ್ಲ, ಹೇಳುವವರ ಮುಖ ಕೇಳುವವರಿಗೆ ಗೊತ್ತಿಲ್ಲ. ಎಲ್ಲ ಇಂಗ್ಲಿಷಿನಲ್ಲಿ.

ಸುಧಾ ಒಂದೇ ಸಾಲು ಬರೆದು ಹಾಕಿದಳು: ಒಬ್ಬಳ ಹಾಲಿನಲ್ಲಿ ಫ್ಯಾಟ್ ಸರಿ ಇದೆ, ಡಿಗ್ರಿ ಕಡಿಮೆ, ನೀರು ಹಾಕಿಲ್ಲ, ಕಾರಣ ಏನು? ಎರಡು ದಿನಕ್ಕೆ ನಾಲ್ಕು ಹಾಳೆ ಪ್ರಿಂಟ್ ತಂದಳು. ಅಡುಗೆಮನೆಯಲ್ಲಿ ಕೂತು ಓದಿ ಓದಿ ಕನ್ನಡದಲ್ಲಿ ಹೇಳಿದಳು.

ಮೊದಲನೆಯವನು ಬರೆದಿದ್ದ, ನೀರು ಹಾಕಿದ್ದಾಳೆ, ಇದರಲ್ಲಿ ಕೇಳುವುದೇನಿದೆ. ಎರಡನೆಯವನು, ಹಸುವಿನ ಜಾತಿ ಯಾವುದು ಎಂದು ಕೇಳಿ, ನಾವು ಹೇಳುವ ಮೊದಲೇ ಆ ಜಾತಿಯೇ ಸರಿಯಿಲ್ಲ ಎಂದಿದ್ದ. ಮೂರನೆಯವನು ಆ ಮೀಟರಿನ ಬ್ಯಾಟರಿ ತೆಗೆದು, ಹತ್ತು ನಿಮಿಷ ಬಿಟ್ಟು, ಮತ್ತೆ ಹಾಕಿ ನೋಡಿ ಎಂದಿದ್ದ.

"ಬ್ಯಾಟ್ರಿ ಎಲ್ಲೈತಮ್ಮಿ ಅದ್ರಾಗೆ? ಗಾಜು ಕಣೆ ಅದು!"

"ಅವ್ನು ಎಲ್ಲಾ ಪ್ರಶ್ನೆಗೂ ಅದ್ನೇ ಹೇಳ್ತಾನೆ ಅತ್ತೆ. ಮೊನ್ನೆ ಗೋಡೆ ಗಡಿಯಾರಕ್ಕೂ ಹೇಳಿದ್ದ."

"ಅದಕ್ಕೆ ಸರಿಯಾಗೇ ಹೇಳವ್ನೆ."

ನಾಲ್ಕನೆಯವನು ಹಾಲು ಕುಡಿಯುವುದೇ ತಪ್ಪು ಎಂದಿದ್ದ. ಅಲ್ಲಿಂದ ಮುಂದೆ ಇಬ್ಬರು ಜಗಳಕ್ಕೆ ಬಿದ್ದಿದ್ದರು, ಹಾಲು ಕುಡಿಯಬೇಕೋ ಬೇಡವೋ ಎಂದು. ಎರಡೂವರೆ ಹಾಳೆ ಆ ಜಗಳವೇ. ಪುಟ್ಟತಾಯಿಯ ಮಾತು ಎಲ್ಲೂ ಇಲ್ಲ. ನನಗೆ ಮೊದಲಿದ್ದ ಗೊಂದಲದ ಮೇಲೆ ಇನ್ನೊಂದು ಹೊರೆ ಗೊಂದಲ ಬಿತ್ತು. ಇಷ್ಟು ಓದಿದವರು ಇಷ್ಟು ಮಾತಾಡಿ ಏನನ್ನೂ ಹೇಳದಿರುವುದು ಹೇಗೆ ಸಾಧ್ಯ ಎಂದು ಸುಧಾಳನ್ನೇ ಕೇಳಿದೆ. ಅವಳು ಕೊನೆಯ ಹಾಳೆಯ ತುದಿ ತೋರಿಸಿದಳು. ಜಗಳದ ಕೆಳಗೆ ಯಾರೋ ಒಂದೇ ಸಾಲು ಬರೆದಿದ್ದರು. ಹೆಸರಿನ ಜಾಗದಲ್ಲಿ ಅಕ್ಷರ, ಅಂಕಿ ಕಲಸಿದ ಒಂದು ಗುರುತು ಮಾತ್ರ. ಬರೆದದ್ದು ಇಷ್ಟು: ಹಾಲು ಅಳೆಯುವವರು ಯಾರೋ ಅವರೇ ಬಂದು ಕೂತರೆ ನಾನು ಕೆಲವು ಪ್ರಶ್ನೆ ಕೇಳುತ್ತೇನೆ.

ಶುಕ್ರವಾರ ಸಂಜೆಯ ಟೆಸ್ಟಿಂಗನ್ನು ಕಾರ್ಯದರ್ಶಿಗೆ ಒಪ್ಪಿಸಿ ಮಧ್ಯಾಹ್ನದ ಬಸ್ಸಿಗೆ ಆಲೂರಿಗೆ ಹೋದೆ. ಸುಧಾ ಪಕ್ಕದಲ್ಲಿ ಕುರ್ಚಿ ಹಾಕಿದಳು. ಟೆಸ್ಟರ್ ಬಂದು ಕೂತಿದ್ದಾರೆ ಎಂದು ಬರೆದು ಹಾಕಿ ಕಾದೆವು. ಅರ್ಧ ಗಂಟೆಗೆ ಪ್ರಶ್ನೆ ಬಂತು.

ಆ ಹೆಂಗಸು ಸಾಲಿನಲ್ಲಿ ಎಷ್ಟನೆಯವಳು?

ಮೊದಲನೆಯವಳು ಎಂದೆ. ಸುಧಾ ಬರೆದಳು.

ಅವಳ ಮನೆ ಎಷ್ಟು ದೂರ? ಇಪ್ಪತ್ತು ಹೆಜ್ಜೆ. ಉಳಿದವರದು? ಹತ್ತು ನಿಮಿಷದಿಂದ ಮುಕ್ಕಾಲು ಗಂಟೆ, ಎಲ್ಲ ನಡೆದು ಬರುವವರು. ಬೆಳಿಗ್ಗೆ ಚಳಿ ಹೇಗೆ? ಬೆರಳು ಮಡಚಲು ಬರುವುದಿಲ್ಲ. ಅವಳ ಹಾಲಿನಲ್ಲಿ ನೊರೆ ಇರುತ್ತದೆಯೇ? ಇರುತ್ತದೆ, ಈಗ ತಾನೇ ಕರೆದ ಹಾಲಲ್ಲವೇ.

ಪ್ರಶ್ನೆಗಳು ಎಲ್ಲಿಗೆ ಹೋಗುತ್ತಿವೆ ಎಂದು ನನಗೆ ತಿಳಿಯಲಿಲ್ಲ. ಮನೆಯ ದೂರ ಕೇಳಿ ಹಾಲಿನ ರೋಗ ಹೇಳುವ ವಿದ್ಯೆ ಯಾವುದು ಎಂದುಕೊಂಡೆ. ಆಗ ಆರನೆಯದು ಬಂತು.

ರಿಜಿಸ್ಟರಿನ ಉಷ್ಣತೆಯ ಕಲಂನಲ್ಲಿ ಅವಳ ಹೆಸರಿನ ಮುಂದೆ ಎಷ್ಟು ಬರೆದಿದೆ?

ಇಲ್ಲಿಯವರೆಗೆ ಒಂದು ವಿಷಯ ನಾನು ಬರೆದಿಲ್ಲ. ಈಗ ಬರೆಯಬೇಕು. ಲ್ಯಾಕ್ಟೋಮೀಟರಿನ ಜೊತೆ ಒಂದು ಥರ್ಮಾಮೀಟರ್ ಕೊಟ್ಟಿದ್ದರು. ಹಾಲಿನ ಉಷ್ಣತೆ 27 ಇದ್ದಾಗ ಮಾತ್ರ ಲ್ಯಾಕ್ಟೋಮೀಟರ್ ತೋರಿಸಿದ್ದನ್ನು ಹಾಗೆಯೇ ಬರೆಯಬೇಕು. ಉಷ್ಣತೆ ಐದು ಹೆಚ್ಚಿದ್ದರೆ ಡಿಗ್ರಿಗೆ ಒಂದು ಕೂಡಬೇಕು, ಐದು ಕಡಿಮೆ ಇದ್ದರೆ ಒಂದು ಕಳೆಯಬೇಕು. ತರಬೇತಿಯಲ್ಲಿ ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ. ಯಾಕೆ ಕೂಡಬೇಕು, ಯಾಕೆ ಕಳೆಯಬೇಕು ಎಂದು ಕೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಆ ಥರ್ಮಾಮೀಟರನ್ನು ತೊಳೆಯುವಾಗ ಕಲ್ಲಿಗೆ ತಾಗಿಸಿ ಒಡೆದವಳು ನಾನು. ಹೇಳಿದರೆ ಹೊಸದು ಕೊಡುತ್ತಿದ್ದರು. ಏಳು ವರ್ಷ ಒಂದು ಗಾಜೂ ಒಡೆಯದ ಟೆಸ್ಟರ್ ಎಂಬ ಹೆಸರಿತ್ತು, ಹೇಳಲಿಲ್ಲ. ಆಗಿನಿಂದ ಉಷ್ಣತೆಯ ಕಲಂನಲ್ಲಿ ಎಲ್ಲರಿಗೂ 27 ಎಂದೇ ಬರೆಯುತ್ತಿದ್ದೆ. ಆಗ ಏನೂ ಕೆಡಲಿಲ್ಲ. ಪುಟ್ಟತಾಯಿಯೂ ಆಗ ಎಲ್ಲರಂತೆ ನಡೆದು ಬಂದು ಸಾಲಿನ ನಡುವೆ ನಿಲ್ಲುತ್ತಿದ್ದಳು.

"ಎಷ್ಟು ಅಂತ ಬರೀಲಿ ಅತ್ತೆ?" ಎಂದು ಸುಧಾ ಕೇಳಿದಳು.

"ಇಪ್ಪತ್ತೇಳು."

ಉತ್ತರ ಬೇಗ ಬಂತು. ಸುಧಾ ಓದಿದಳು, ಅರ್ಧಕ್ಕೇ ನನ್ನ ಕಡೆ ತಿರುಗಿದಳು. ಅವರು ಬರೆದದ್ದು ಹೀಗಿತ್ತು: ಆಗ ತಾನೇ ಕರೆದ ಹಾಲಿಗೆ 27 ಬರುವುದಿಲ್ಲ. ಮುಕ್ಕಾಲು ಗಂಟೆ ಚಳಿಯಲ್ಲಿ ಬಂದ ಹಾಲಿಗೂ 27 ಬರುವುದಿಲ್ಲ. ಉಳಿದವರ ಮುಂದೆಯೂ 27 ಇದೆಯೇ?

"ಅತ್ತೆ, ಎಲ್ರಿಗೂ ಇಪ್ಪತ್ತೇಳಾ?"

ನಾನು ತಲೆ ಆಡಿಸಿದೆ.

"ಎಲ್ರಿಗೂನಾ? ದಿನಾಲೂ?"

"ಹೂಂ ಕಣಮ್ಮಿ. ಹೌದು ಅಂತ ಬರಿ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೇಲ್ವಿಚಾರಕರು ಕ್ರಮಪ್ರಕಾರ ಇದೆ ಎಂದು ಬೆರಳಿಟ್ಟು ನೋಡಿದ ಕಲಂ ಅದೇ. ಡಿಗ್ರಿ ಕಡಿಮೆ, ಉಷ್ಣತೆ ಸರಿ, ಹಾಗಿದ್ದರೆ ನೀರೇ. ಪುಟ್ಟತಾಯಿಯನ್ನು ಕಳ್ಳಿ ಮಾಡಿದ್ದು ನನ್ನ ಕೈ ಬರೆದ ಆ ಅಂಕಿ.

ಆಮೇಲೆ ಅವರು ವಿವರವಾಗಿ ಬರೆದರು. ಬಿಸಿಯಾದ ಹಾಲು ತೆಳುವಾಗುತ್ತದೆ, ಗಾಜು ಹೆಚ್ಚು ಮುಳುಗುತ್ತದೆ. ನೊರೆಹಾಲಿನ ಒಳಗೆ ಸಣ್ಣ ಸಣ್ಣ ಗಾಳಿ ಗುಳ್ಳೆಗಳಿರುತ್ತವೆ, ಅದರಿಂದ ಇನ್ನೂ ಮುಳುಗುತ್ತದೆ. ತಣ್ಣಗಾದ ಹಾಲು ಗಟ್ಟಿ, ಗಾಜು ಮೇಲೆ ನಿಲ್ಲುತ್ತದೆ. ಕರೆದ ಹಾಲನ್ನು ಒಂದು ಗಂಟೆ ಇಟ್ಟು, ತಣಿಸಿ, ಉಷ್ಣತೆ ನೋಡಿ ಅಳೆಯಿರಿ. ನನ್ನ ಮಾತು ನಂಬಬೇಡಿ, ಇವತ್ತೇ ನಿಮ್ಮ ಹಸುವಿನ ಹಾಲಿನಲ್ಲೇ ನೋಡಿ. ಅಷ್ಟು ಬರೆದು ಅವರು ಮತ್ತೆ ಕಾಣಲಿಲ್ಲ. ಸುಧಾ ಹಾಕಿದ ನಮಸ್ಕಾರದ ಕೆಳಗೆ ಹಾಲು ಕುಡಿಯಬಾರದು ಎನ್ನುವವನು ಮತ್ತೆ ಶುರು ಮಾಡಿದ್ದ.

ಸೆಂಟರಿಗೆ ಬರುತ್ತಿದ್ದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಹತ್ತಿರ ಸುಧಾ ಒಂದು ಥರ್ಮಾಮೀಟರ್ ಎರವಲು ತಂದುಕೊಟ್ಟಳು. ಊರು ಸೇರಿ ನಮ್ಮ ಹಸುವನ್ನು ಕರೆದೆ. ಪಕ್ಕದೂರಿನ ಲ್ಯಾಕ್ಟೋಮೀಟರ್ ಇನ್ನೂ ನನ್ನ ಹತ್ತಿರವೇ ಇತ್ತು. ನೊರೆಹಾಲಿಗೆ ಬಿಟ್ಟೆ. 25. ನನ್ನ ಮನೆಯ ಹಾಲು, ನನ್ನ ಕೈಯಲ್ಲಿ ಕರೆದದ್ದು, ಕಳ್ಳಹಾಲಿನ ಅಂಕಿ ತೋರಿಸಿತು. ತಣ್ಣೀರಿನ ಬಾನಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಬಿಟ್ಟೆ. 29. ಉಷ್ಣತೆ 22, ಒಂದು ಕಳೆದರೆ 28. ಮಧ್ಯದಲ್ಲಿ ಯಾರೂ ಏನೂ ಹಾಕಿರಲಿಲ್ಲ, ತೆಗೆದಿರಲಿಲ್ಲ.

ನಾವು ಅವಳಿಗೆ ಮಾಡಿದ ಮರ್ಯಾದೆಯೇ ಅವಳನ್ನು ಸಿಕ್ಕಿಸಿಹಾಕಿತ್ತು. ಮೊದಲ ಹಾಲು ನಿನ್ನದು ಎಂದು ಮುಂದೆ ನಿಲ್ಲಿಸಿ, ಬಿಸಿ ಹಾಲನ್ನೇ ಅಳೆದು, ನೀರಿದೆ ಎಂದೆವು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಂ ತುಂಬಿದ ಮಾತ್ರಕ್ಕೆ ಅಳೆದ ಹಾಗಲ್ಲ. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟಿದ್ದರೆ ಮೇಲ್ವಿಚಾರಕರು ಆವತ್ತೇ ಕೇಳುತ್ತಿದ್ದರು. ಮತ್ತೆ, ಪ್ರಶ್ನೆ ಹಾಕಿದರೆ ಉತ್ತರ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ತಿರುಗಿ ಪ್ರಶ್ನೆ ಕೇಳುವವರು ಒಬ್ಬರೋ ಇಬ್ಬರೋ. ನನ್ನನ್ನು ಅಂಥ ಒಬ್ಬರು ಕೇಳಿದರು, ನಾನು ಅವರ ಮುಂದೆಯೂ ಮೊದಲು ಆ ಸುಳ್ಳು ಅಂಕಿಯನ್ನೇ ಇಟ್ಟೆ.

ಶನಿವಾರ ಬೆಳಿಗ್ಗೆ ಒಂದು ಗಂಟೆ ಮೊದಲೇ ಹೋಗಿ ಪುಟ್ಟತಾಯಿಯ ಹಾಲು ಇಸಿದುಕೊಂಡು ಸಂಘದ ತೊಟ್ಟಿಯ ತಣ್ಣೀರಿನಲ್ಲಿ ಇಟ್ಟೆ. ಅವಳು ಏನು ಎತ್ತ ಕೇಳಲಿಲ್ಲ. ಸಾಲು ಸೇರಿದ ಮೇಲೆ ಬಾಗಿಲಲ್ಲಿ ನಿಂತು ಹೇಳಿದೆ. ಥರ್ಮಾಮೀಟರ್ ಒಡೆದದ್ದು, ಹೇಳದೆ ಇದ್ದದ್ದು, 27 ಬರೆದದ್ದು, ಎಲ್ಲ. ಮಾತು ಸುತ್ತಲಿಲ್ಲ. ಒಂದಿಬ್ಬರು ಏನೋ ಗೊಣಗಿದರು. ಎಲ್ಲರೆದುರಿಗೆ ಪುಟ್ಟತಾಯಿಯ ಹಾಲಿಗೆ ಥರ್ಮಾಮೀಟರ್ ಇಳಿಸಿ, ಲ್ಯಾಕ್ಟೋಮೀಟರ್ ಬಿಟ್ಟು, ಕಳೆದು, 28 ಎಂದು ಜೋರಾಗಿ ಓದಿದೆ.

"ಮೂರ್ ವಾರ," ಎಂದಳು ಪುಟ್ಟತಾಯಿ. "ಮೂರ್ ವಾರ ನನ್ ಹಸಿನ್ ಮುಖ ನಾನೇ ಅನುಮಾನದಿಂದ ನೋಡ್ದೆ ಕಣಕ್ಕ. ಅದ್ಕೇನ್ ಬರ್ಕೊಡ್ತೀಯ?"

ನಾನು ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 28 ಎಂದು ಬರೆದೆ.

ಅವಳ ಹಿಂದೆ ಸರೋಜಮ್ಮ ನಿಂತಿದ್ದರು. "ಸರಿ ಬುಡು, ಸಂಜೆ ಮಂಡ್ಳಿ ಬ್ಯಾಡ. ನಂದು ನೋಡು, ಹೊತ್ತಾಯ್ತು," ಎಂದು ಕ್ಯಾನ್ ಮುಂದಿಟ್ಟರು. ತೋಟದಿಂದ ಚಳಿಯಲ್ಲಿ ಬಂದ ಹಾಲು, ಕ್ಯಾನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಲ್ಯಾಕ್ಟೋಮೀಟರ್ 27 ತೋರಿಸಿತು. ದಿನಾಲೂ ಅಷ್ಟೇ ಬರುತ್ತಿದ್ದದ್ದು, ದಿನಾಲೂ ನಾನು ತೆಗೆದುಕೊಳ್ಳುತ್ತಿದ್ದದ್ದು. ಥರ್ಮಾಮೀಟರ್ ನೋಡಿದೆ. ಉಷ್ಣತೆ 17. ಹತ್ತು ಕಡಿಮೆ, ಎರಡು ಕಳೆಯಬೇಕು. ಸರೋಜಮ್ಮನೂ ಮನಸ್ಸಿನಲ್ಲೇ ಕಳೆಯುತ್ತಿದ್ದದ್ದು ಅವರ ತುಟಿಯಲ್ಲಿ ಕಾಣಿಸಿತು. ನೀರು ಹಾಕಿದ್ದರೋ, ಹಸುವೇ ಅಂಥದೋ, ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ನಾಳೆ ನಸುಕಿಗೆ ನಿಮ್ಮ ಕೊಟ್ಟಿಗೆಗೆ ಬರುತ್ತೇನೆ ಎಂದು ಹೇಳಿದೆ. ಉಷ್ಣತೆಯ ಕಲಂನಲ್ಲಿ 17, ಅದರ ಪಕ್ಕದಲ್ಲಿ 25 ಎಂದು ಬರೆದು, ಅಧ್ಯಕ್ಷೆಯ ಹಾಲನ್ನು ವಾಪಸ್ ಕೊಟ್ಟು, ಮುಂದಿನವಳ ಕ್ಯಾನ್ ಮುಚ್ಚಳ ತೆಗೆದೆ.